ಇಜೇರಿಯ ಪುಂಡಿಪಲ್ಯ, ತುಂಬಿಗಡದ ಮುತ್ತವ್ವ

ಇಜೇರಿಯವರಿಗೆ ಪುಂಡಿಪಲ್ಯ ಮಾಡಲು ಬರುವುದಿಲ್ಲ ಎಂಬ ಒಂದು ಮಾತು ಗುರುಪಾದನ ಬಾಯಿಂದ ಜಾರದೆ ಇದ್ದಿದ್ದರೆ ಅವನು ಆ ದಿನವೂ ಎಂದಿನಂತೆ ಆಳಂದಕ್ಕೆ ಆರು ಸಲ ಹೋಗಿ ಆರು ಸಲ ಬರುತ್ತಿದ್ದ.

ಮಟಕಿಯ ಗುರುಪಾದ ಟಮ್‌ಟಮ್ ಆಟೊ ಓಡಿಸುವವನು. "ಕಣ್ಣಿಗೆ ಟವೆಲ್ ಕಟ್ಟಿ ಬಿಡ್ರಿ, ಗಾಡಿ ತಂದು ಮನಿ ಮುಂದ ನಿಲ್ಲಸ್ತೇನಿ" ಎನ್ನುವುದು ಅವನ ಹೆಮ್ಮೆ. ಅದು ಸುಳ್ಳೂ ಅಲ್ಲ. ಇಪ್ಪತ್ತು ವರ್ಷದಲ್ಲಿ ಅವನ ಗಾಡಿ ಒಂದು ದಿನವೂ ದಾರಿ ತಪ್ಪಿರಲಿಲ್ಲ. ತಪ್ಪುತ್ತಿದ್ದದ್ದು ನಾಲಗೆ ಮಾತ್ರ.

ಹಿಂದಿನ ದಿನ ಮಧ್ಯಾಹ್ನ ಪಕ್ಕದ ಮನೆಯ ಗೌಸಿಯಾಬೇಗಂ ಒಂದು ಬಟ್ಟಲು ಪುಂಡಿಪಲ್ಯ ಕೊಟ್ಟು ಹೋಗಿದ್ದಳು. ಹುಳಿ ಸೊಪ್ಪಿನ ಮೇಲೆ ಬೆಳ್ಳುಳ್ಳಿ ಒಗ್ಗರಣೆ ತೇಲುತ್ತಿತ್ತು. ಗುರುಪಾದ ಬೆರಳು ನೆಕ್ಕುತ್ತಾ ಹೆಂಡತಿಗೆ ಹೇಳಿದ: "ಪುಂಡಿಪಲ್ಯ ಅಂದ್ರ ಇದು ನೋಡು. ನಿಮ್ಮ ಇಜೇರ್ಯಾಗ ಇದು ಯಾರಿಗೂ ಬರಂಗಿಲ್ಲ ಬಿಡು."

ನಾಗರತ್ನಾ ಇಜೇರಿಯ ಮಗಳು. ಕೈ ತೊಳೆದಳು, ಸೆರಗಿಗೆ ಒರೆಸಿಕೊಂಡಳು, ಅಣ್ಣ ಸೈದಪ್ಪನಿಗೆ ಫೋನು ಹಚ್ಚಿದಳು.

"ಅಣ್ಣಾ, ನನಗ ಅಂದಿದ್ರ ನುಂಗತಿದ್ದೆ. ಇಡೀ ಊರಿಗೇ ಅಂದಾರ."

"ಗಂಟು ಕಟ್ಟಿಡು ತಂಗೀ. ನಾಳಿ ಹನ್ನೊಂದಕ್ಕ ಬಂದು ಕರ್ಕೊಂಡು ಹೋಗ್ತೇನಿ," ಎಂದ ಸೈದಪ್ಪ. ಆ ದನಿ ಅಡುಗೆಮನೆ ದಾಟಿ ಪಡಸಾಲೆಗೂ ಕೇಳಿಸಿತು.

ಗುರುಪಾದ ಕೈಯ ತುತ್ತನ್ನು ಬಟ್ಟಲಿಗೆ ಮರಳಿ ಇಟ್ಟ. ಹೋದ ಸಲ ಅವಳು ತವರಿಗೆ ಹೋದಾಗ ಜೋಳ ಬಿತ್ತುವ ಹೊತ್ತು, ಮರಳಿ ಬಂದಾಗ ರಾಶಿ ಮುಗಿದಿತ್ತು. ನಡುವಿನ ತಿಂಗಳುಗಳಲ್ಲಿ ರೊಟ್ಟಿ ಬಡಿದವನು ಗುರುಪಾದ. ಆ ರೊಟ್ಟಿಯನ್ನು ಮನೆಯ ಎಮ್ಮೆ ಒಮ್ಮೆ ಮೂಸಿ, ಅವನ ಮುಖವನ್ನೊಮ್ಮೆ ನೋಡಿ, ಆಕಡೆ ತಿರುಗಿ ನಿಂತಿತ್ತು. ರೊಟ್ಟಿಯ ಮಾತು ಬಿಡಿ, ಅವಳ ಬೈಗುಳವಿಲ್ಲದ ಮನೆ ಅವನಿಗೆ ಇಂಜಿನ್ ಬಂದಾದ ಗಾಡಿಯಂತೆ ಕಾಣುತ್ತಿತ್ತು. ಹೇಗಾದರೂ ಮಾಡಿ ಸೈದಪ್ಪ ಈ ಮನೆ ಮುಟ್ಟಬಾರದು.

ಬೆಳಿಗ್ಗೆ ಅವನು ಕಟ್ಟೆಯ ಮೇಲೆ ತಲೆ ಹಿಡಿದು ಕುಳಿತಿದ್ದಾಗ ಉಪಾಯ ತಾನಾಗಿ ಅಂಗಳಕ್ಕೆ ಬಂತು. ರಜೆಗೆಂದು ಬಂದಿದ್ದ ಅಕ್ಕನ ಮಗಳು ಮಹಾನಂದಾ ಅವನ ತಾಯಿ ಸಾಬಮ್ಮನ ಬೆನ್ನು ಬಿದ್ದಿದ್ದಳು.

"ಆಯೀ, ಅರಸನ ಮಗಳು ಮುತ್ತವ್ವನ ಕತಿ ಹೇಳಬೇ. ಫೋನಿನ್ಯಾಗ ತುಂಬಕೋತೇನಿ. ಕಾಲೇಜಿನ್ಯಾಗ ಕೇಳ್ಯಾರ."

"ಹುಚ್ಚಿ! ಹಗಲು ಕತಿ ಹೇಳಿದ್ರ ಮಾಮಾ ದಾರಿ ತಪ್ತಾನ. ಹೊತ್ತು ಮುಳುಗಲಿ, ಹೇಳ್ತೇನಿ."

ಗುರುಪಾದ ತಲೆ ಎತ್ತಿದ. ಈ ಮಾತು ಊರಿನ ಕೂಸಿಗೂ ಗೊತ್ತು. ಆದರೆ ಅದರ ಉಪಯೋಗ ಅವನಿಗೆ ಹೊಳೆದದ್ದು ಆಗಲೇ. ಕಲಬುರಗಿಯ ಹಾಸ್ಟೆಲ್ಲಿನಲ್ಲಿ ಓದುವ ತನ್ನ ಮಗಳಿಗೆ ಸೈದಪ್ಪ ಯಾರು? ತಾಯಿಯ ಒಡಹುಟ್ಟಿದ ಅಣ್ಣ. ಖರೇ ಖರೇ ಮಾಮಾ!

"ಯವ್ವಾ, ಹೇಳಿಬಿಡು," ಎಂದು ತಾಯಿಯ ಕಾಲ ಬಳಿ ಬಂದು ಕುಳಿತ. "ಕಾಲೇಜಿನವರು ಕಾಯಾಕತ್ತಾರ. ನಿನ್ನ ದನಿ ಕಲಬುರಗಿ ತನಕ ಹೋಗ್ತದ."

ಕಲಬುರಗಿ ತನಕ ಎಂದ ಕೂಡಲೇ ಸಾಬಮ್ಮ ಸೆರಗು ಸರಿಮಾಡಿಕೊಂಡಳು. "ಪಾಪ ನಿನಗ ಹತ್ತಲಿ ಮತ್ತ. ಹ್ಞೂಂ ಅನ್ನಾಕ ಯಾರು? ಈಕಿ ಫೋನು ಹಿಡಿಬೇಕು. ಹ್ಞೂಂ ಅನ್ನವರಿಲ್ಲದ ಕತಿ ನಾ ಹೇಳಂಗಿಲ್ಲ."

"ನಾ ಅಂತೇನಿ ಯವ್ವಾ. ಇವತ್ತು ಗಾಡಿ ಬಂದ್."

"ಮಾಮಾ, ಜೋರಾಗಿ ಅನ್ರಿ ಮತ್ತ, ಫೋನಿಗೆ ಕೇಳಬೇಕು," ಎಂದಳು ಮಹಾನಂದಾ.

ಸಾಬಮ್ಮ ಕಣ್ಣು ಮುಚ್ಚಿ ಶುರುಮಾಡಿದಳು. ಏಳು ನದಿ, ಐವತ್ತಾರು ಊರು, ಆನೆಗಳಿಗೆ ಲೆಕ್ಕವಿಲ್ಲದ ತುಂಬಿಗಡದ ಸಾಮ್ರಾಜ್ಯ. ಅದರ ಅರಸನಿಗೆ ಒಬ್ಬಳೇ ಮಗಳು ಮುತ್ತವ್ವ. ಐದನೇ ವರ್ಷಕ್ಕೆ ಪಲ್ಲಕ್ಕಿ ಒದ್ದು, ನನಗ ಕಾಲು ಇಲ್ಲೇನು ಎಂದವಳು. ಹತ್ತನೆಯ ವರ್ಷಕ್ಕೆ ದರಬಾರಿಗೆ ನುಗ್ಗಿ, ಅಪ್ಪನ ತೀರ್ಪು ತಪ್ಪೆಂದು ಮಂತ್ರಿಗಳ ಎದುರು ಹೇಳಿ, ಸರಿ ಎಂದು ಅಪ್ಪನ ಬಾಯಿಂದಲೇ ಅನ್ನಿಸಿದವಳು.

"ಹ್ಞೂಂ," ಎಂದ ಗುರುಪಾದ. ಕಣ್ಣು ಗಡಿಯಾರದ ಮೇಲೆ.

ಗೋಡೆಯ ಮೇಲೆ ಗೌಸಿಯಾಬೇಗಂ ತಲೆ ಕಾಣಿಸಿತು. "ಯಾ ಅಲ್ಲಾ! ಹಗಲೊತ್ತು ಕತಿ? ನನ್ನ ತಮ್ಮ ಅಮೀರ ಬೀದರಿಗೆ ಹೋಗ್ಯಾನ. ನನ್ನ ಮಕ್ಕಳಿಗೆ ಅವನೂ ಮಾಮು ಹೌದಿಲ್ರಿ? ನಿಲ್ಲಸ್ರಿ ಮೊದಲ!"

"ಅಮೀರ ಬಸ್ಸಿನ್ಯಾಗ ಹೋಗ್ಯಾನಲ್ಲ ಅಕ್ಕಾ. ದಾರಿ ತಪ್ಪಿದ್ರ ಡ್ರೈವರ್ ತಪ್ಪಬೇಕು. ಆ ಡ್ರೈವರ್ ನಿಮ್ಮ ಮಕ್ಕಳಿಗೆ ಮಾಮು ಏನ್ರಿ?" ಎಂದ ಗುರುಪಾದ.

ಗೌಸಿಯಾಬೇಗಂ ವಿಚಾರ ಮಾಡಿದಳು. ಮಾತಿನಲ್ಲಿ ನ್ಯಾಯವಿತ್ತು. ಆದರೂ ಅಮೀರನಿಗೆ ಒಂದು ಫೋನು ಮಾಡಿ, ಅವನು ಹುಮನಾಬಾದಿನಲ್ಲಿ ಚಹಾ ಕುಡಿಯುತ್ತಿದ್ದಾನೆಂದು ಖಾತ್ರಿ ಮಾಡಿಕೊಂಡು, ಒಳಗೆ ಬಂದು ಕಂಬಕ್ಕೆ ಒರಗಿ ಕುಳಿತಳು. ಅವಳ ಹಿಂದೆ ರುಕ್ಮಿಣಿಬಾಯಿ ತೊಗರಿಬೇಳೆಯ ಮೊರದೊಂದಿಗೆ ಬಂದಳು. ಅರ್ಧ ತಾಸಿನಲ್ಲಿ ಓಣಿಯ ಹೆಂಗಸರೆಲ್ಲ ಪಡಸಾಲೆಯಲ್ಲಿದ್ದರು.

ಅತ್ತ ಮುತ್ತವ್ವನಿಗೆ ವರ ಬರತೊಡಗಿದರು. ಮೊದಲ ರಾಜಕುಮಾರ ಕನ್ನಡಿ ನೋಡುತ್ತಾ ಮಾತಾಡಿದ. ಕನ್ನಡಿಯನ್ನೇ ಮಾಡಿಕೋ ಎಂದು ಕಳಿಸಿದಳು. ಅದೇ ಹೊತ್ತಿಗೆ ಅಡುಗೆಮನೆಯಲ್ಲಿ ಫೋನು ಬಂತು. "ತಂಗೀ, ಜೇವರ್ಗಿ ದಾಟೀನಿ. ಫೋನಿನ ನಕ್ಷಾ ಹೊಸ ದಾರಿ ತೋರಿಸಾಕತ್ತದ. ಕಲಬುರಗಿಗೆ ಹೋಗಾದೇ ಬ್ಯಾಡಂತ."

"ಹ್ಞೂಂ!" ಎಂದ ಗುರುಪಾದ, ಇಡೀ ಓಣಿಗೆ ಕೇಳುವಂತೆ.

ಎರಡನೆಯ ರಾಜಕುಮಾರನನ್ನು ಮುತ್ತವ್ವ ಓಡಿಸುವಾಗ ಸೈದಪ್ಪ ಯಾವುದೋ ಹೊಲದ ಬದುವಿನಲ್ಲಿದ್ದ. ನಾಲ್ಕನೆಯವನನ್ನು ಓಡಿಸುವಾಗ ಅವನ ದನಿಗೆ ಅಳು ಬೆರೆತಿತ್ತು. "ಇದು ಹವಳಗಾ ಅಂತ ತಂಗೀ! ಸಕ್ಕರಿ ಕಾರ್ಖಾನಿಗೆ ಹೊಂಟ ಕಬ್ಬಿನ ಟ್ರ್ಯಾಕ್ಟರ್ ಸಾಲಿನ್ಯಾಗ ಸಿಕ್ಕೀನಿ. ಮುಂದ ನೂರು, ಹಿಂದ ನೂರು. ಗಾಡಿ ತಿರುಗವಲ್ದು."

ಗುರುಪಾದನಿಗೆ ತಾಯಿಯ ಕಾಲಿಗೆ ಬೀಳಬೇಕೆನಿಸಿತು. ಅಷ್ಟರಲ್ಲಿ ಒಳಗಿನಿಂದ ಬೆಳ್ಳುಳ್ಳಿ ಒಗ್ಗರಣೆಯ ವಾಸನೆ ತೇಲಿ ಬಂತು. ಮೂಗು ಅರಳಿಸಿದ. ಪುಂಡಿಪಲ್ಯ! ಗಂಟು ಕಟ್ಟಬೇಕಾದವಳು ಒಲೆ ಹಚ್ಚಿದ್ದಾಳೆ. ಅಂದರೆ ಸಿಟ್ಟು ಇಳಿದಿದೆ. ಮಾಡಿ ಬಡಿಸಿ ಬಾಯಿ ಮುಚ್ಚಿಸುವ ವಿಚಾರದಲ್ಲಿದ್ದಾಳೆ. ಇನ್ನೊಂದು ತಾಸು ಕತೆ ಎಳೆದರೆ ಗೆದ್ದಂತೆ.

ಏಳನೆಯ ರಾಜಕುಮಾರ ಬಂದ. ಮುತ್ತವ್ವ ಹಗಲೆಲ್ಲ ಮಾತಾಡಿದಳು, ಅವನು ಒಮ್ಮೆಯೂ ಆಕಳಿಸದೆ ಕೇಳಿದ. ಅವನ ಕೊರಳಿಗೆ ಮಾಲೆ ಬಿತ್ತು. ಹೆಂಗಸರು ಉಸಿರು ಬಿಟ್ಟರು. ಸಾಬಮ್ಮ ನೀರು ಕೇಳಿದಳು.

"ಮುಗೀತೇನ್ ಆಯೀ?" ಎಂದಳು ಮಹಾನಂದಾ.

"ಇದು ಅರ್ಧ. ಉಳಿದದ್ದು ಯಾರೂ ಕೇಳೇ ಇಲ್ಲ. ಈ ನಿನ್ನ ಮಾಮಾ ಇದ್ದಾನಲ್ಲ, ಸಣ್ಣಾವಿದ್ದಾಗ ಮಾಲಿ ಬೀಳೂದರಾಗ ಗೊರಕಿ ಹೊಡೀತಿದ್ದ. ಕತಿ ಅಲ್ಲಿಗೇ ನಿಂತುಬಿಡತಿತ್ತು."

ಅದು ನಿಜ. ಮುತ್ತವ್ವನ ಮದುವೆಯ ಮುಂದೆ ಏನಿದೆಯೆಂದು ಗುರುಪಾದನಿಗೆ ಗೊತ್ತೇ ಇರಲಿಲ್ಲ. ಕತೆ ಇನ್ನೂ ಅಷ್ಟೇ ಉದ್ದವಿದೆ ಎಂದು ಕೇಳಿ ಹಿಗ್ಗಿದ.

"ಹೇಳು ಯವ್ವಾ, ಒಂದಕ್ಷರ ಬಿಡಬ್ಯಾಡ!"

ಆಗಲೇ ಕಡೆಯ ಫೋನೂ ಬಂತು. "ಸಾಕಾತು ತಂಗೀ. ಗಾಡಿ ತಿರುಗಿದ ಕೂಡಲೇ ನಾ ಇಜೇರಿಗೆ ಹಿಂದಕ್ಕ ಹೋಗ್ತೇನಿ." ಗುರುಪಾದ ಗೋಡೆಗೆ ಒರಗಿ, ಕಾಲು ಚಾಚಿ, ಪಟ್ಟಕ್ಕೆ ಬಂದ ಅರಸನಂತೆ ಕುಳಿತ. ಕತೆಯನ್ನು ಅಲ್ಲಿಗೇ ನಿಲ್ಲಿಸಿದ್ದರೂ ನಡೆಯುತ್ತಿತ್ತು. ಆದರೆ ಗೆದ್ದವನಿಗೆ ಬುದ್ಧಿ ಎಲ್ಲಿರುತ್ತದೆ? "ಹ್ಞೂಂ, ಮುಂದ?" ಎಂದ.

"ಹನ್ನೆರಡು ವರ್ಷ ಚಂದ ಬಾಳಿದರು," ಎಂದಳು ಸಾಬಮ್ಮ. "ಒಂದಿನ ಪಟ್ಟಕ್ಕೇರಿದ ಆ ಗಂಡ ತುಂಬಿದ ದರಬಾರಿನ್ಯಾಗ ಉಂಡು ತೇಗಿ ಅಂದ: 'ತುಂಬಿಗಡದ ಆನಿಗಳಿಗೆ ನಡ್ಯಾಕ ಬರಂಗಿಲ್ಲ.'"

ಗುರುಪಾದನ ಕಾಲು ತಾನಾಗಿ ಮಡಚಿಕೊಂಡಿತು. ಹೆಂಗಸರೆಲ್ಲ ಅವನ ಕಡೆ ತಿರುಗಿದರು. ಪುಂಡಿಪಲ್ಯದ ಸುದ್ದಿ ಓಣಿಗೆ ಮುಟ್ಟಿ ಒಂದು ದಿನವಾಗಿತ್ತು. ಅಡುಗೆಮನೆ ಬಾಗಿಲಲ್ಲಿ ಸೌಟು ಹಿಡಿದ ನಾಗರತ್ನಾ ಕಾಣಿಸಿಕೊಂಡಳು.

"ಯವ್ವಾ, ನಿನಗ ದಣಿವಾಗೇದ," ಎಂದ ಗುರುಪಾದ.

"ಹ್ಞೂಂ ಅನ್ನಾಕ ಬಂದಾವ ಹ್ಞೂಂ ಅನ್ನು."

"ಹ್ಞೂಂ."

"ಮುತ್ತವ್ವ ಏನ್ ಮಾಡಿದಳು? ಅಪ್ಪಗ ಓಲೆ ಕಳಸಲಿಲ್ಲ, ಅಣ್ಣಗ ಹೇಳಿ ಕಳಸಲಿಲ್ಲ. 'ಕರ್ಯಾಕ ಬರವರ ದಾರಿ ಕಾಯೂ ಹೆಣ್ಣಲ್ಲ ನಾ. ನನ್ನ ತವರಿಗೆ ಅಂದ ಬಾಯಿಯವನೇ ನನ್ನನ್ನ ತವರಿನ ಬಾಗಿಲಿಗೆ ಮುಟ್ಟಸಬೇಕು' ಅಂದಳು. ಅರಸನೇ ಸಾರಥಿಯಾಗಿ ರಥ ಹೊಡದ."

ರುಕ್ಮಿಣಿಬಾಯಿಯ ಮೊರ ನಿಂತಿತು.

ನಾಗರತ್ನಾ ಸೌಟು ಕೆಳಗಿಟ್ಟಳು. "ನಾ ಎಂಥ ಹುಚ್ಚಿ! ಹೋಗ್ಲಿ ಅಂತ ಬಿಟ್ಟಿದ್ದೆ. ಅಣ್ಣ ಹಿಂದಕ್ಕ ಹೋಗ್ತೇನಿ ಅಂದ್ರ ಹೋಗು ಅಂದಿದ್ದೆ." ಐದೇ ನಿಮಿಷಕ್ಕೆ ಗಂಟು, ಮೇಲೊಂದು ಬುತ್ತಿ ಡಬ್ಬಿ ಹಿಡಿದು ಹೊರಗೆ ಬಂದಳು. "ಏಳ್ರಿ. ಟಮ್‌ಟಮ್ ತೆಗೀರಿ."

"ಇಜೇರಿ ತನಕ? ಟಮ್‌ಟಮ್‌ನ್ಯಾಗ?"

"ಅರಸ ರಥಾ ಹೊಡೀಲಿಲ್ಲೇನು ತಮ್ಮಾ?" ಎಂದಳು ಗೌಸಿಯಾಬೇಗಂ.

ಗುರುಪಾದ ಎದ್ದ. ಇಡೀ ಓಣಿ ಒಂದು ಕಡೆ, ಅವನೊಬ್ಬ ಇನ್ನೊಂದು ಕಡೆ ಇದ್ದಾಗ ಏಳದೆ ಏನು ಮಾಡಿಯಾನು?

ಕಲಬುರಗಿಯ ದೊಡ್ಡ ರಸ್ತೆಯಲ್ಲಿ ಟಮ್‌ಟಮ್‌ಗೆ ಮರ್ಯಾದೆ ಇಲ್ಲವೆಂದು ಅಫಜಲಪುರದ ಕಡೆಯಿಂದ ಹೊರಟ. ಕಣ್ಣು ಕಟ್ಟಿ ಬಿಟ್ಟರೂ ದಾರಿ ತಪ್ಪದವನು. ಆದರೆ ಹಿಂದಿನ ಸೀಟಿನಲ್ಲಿ ಮಾತಾಡದ ಹೆಂಡತಿ, ಬುತ್ತಿಯಿಂದ ಪುಂಡಿಪಲ್ಯದ ವಾಸನೆ, ತಲೆಯಲ್ಲಿ ತುಂಬಿಗಡದ ಆನೆಗಳು. ಎಲ್ಲಿ ಎಡಕ್ಕೆ ಹೊರಳಬೇಕೋ ಅಲ್ಲಿ ಬಲಕ್ಕೆ ಹೊರಳಿದ. ಹೊತ್ತು ಇಳಿಯುವಾಗ ನೋಡಿದರೆ ಮುಂದೆ ಕಬ್ಬಿನ ಟ್ರ್ಯಾಕ್ಟರ್, ಹಿಂದೆ ಕಬ್ಬಿನ ಟ್ರ್ಯಾಕ್ಟರ್. ಕಲ್ಲಿನ ಮೇಲೆ ಬರೆದಿತ್ತು: ಹವಳಗಾ.

ಎರಡು ಟ್ರ್ಯಾಕ್ಟರಿನ ಆಚೆ ಒಂದು ಪಿಕಪ್ ನಿಂತಿತ್ತು. ಅದರ ಮೇಲೆ ಹತ್ತಿ, ಕಬ್ಬು ಸಿಗಿದು ತಿನ್ನುತ್ತಿದ್ದವನು ಸೈದಪ್ಪ.

"ಅಣ್ಣಾ!" ಎಂದು ಕೂಗಿದಳು ನಾಗರತ್ನಾ.

ಸೈದಪ್ಪ ಜಿಗಿದು ಓಡಿ ಬಂದ. ಗುರುಪಾದನ ಎರಡೂ ಕೈ ಹಿಡಿದುಕೊಂಡ. "ಏನ್ ದೊಡ್ಡ ಮನಸ್ಸ್ರಿ ನಿಮ್ಮದು! ನನಗ ನಿಮ್ಮ ಮನಿ ಸಿಗಲಿಲ್ಲ, ನೀವೇ ಹುಡುಕ್ಯಾಡಿ ತಂದು ಮುಟ್ಟಿಸಿದ್ರಿ!"

ಗಂಟು ಪಿಕಪ್ಪಿಗೆ ಏರಿತು. ಆಗ ಸರಿಯಾಗಿ ಮುಂದಿನ ಎರಡು ಟ್ರ್ಯಾಕ್ಟರ್ ಸರಿದು ಪಿಕಪ್ಪಿಗೆ ತಿರುಗಲು ಜಾಗವಾಯಿತು. ಬೆಳಿಗ್ಗೆಯಿಂದ ಆಗದ ಜಾಗ. ನಾಗರತ್ನಾ ಬುತ್ತಿ ಡಬ್ಬಿಯನ್ನು ಟಮ್‌ಟಮ್‌ನ ಸೀಟಿನ ಮೇಲಿಟ್ಟು, "ಉಣ್ರಿ, ಆಮ್ಯಾಲ ಇಜೇರಿ ಬಗ್ಗೆ ಮಾತಾಡ್ರಿ," ಎಂದು ಹೋದಳು.

ಗುರುಪಾದ ಡಬ್ಬಿ ತೆಗೆದು ಒಂದು ತುತ್ತು ತಿಂದ. ಗೌಸಿಯಾಬೇಗಂ ಮಾಡಿದ್ದಕ್ಕಿಂತ ಒಂದು ಕೈ ಮೇಲಿತ್ತು. ಹೇಳೋಣವೆಂದರೆ ಕೇಳುವವರು ಹೋಗಿಯಾಗಿತ್ತು.

ಫೋನು ಬಂತು. "ಮಾಮಾ, ಎಲ್ಲಿದ್ದೀರಿ?"

"ಹವಳಗಾದಾಗ, ಮಹಾನಂದಾ. ದಾರಿ ತಪ್ಪಿ."

ಆಕಡೆ ಫೋನು ಕೈ ಬದಲಾಯಿತು. ಆಮೇಲೆ ಸಾಬಮ್ಮನ ದನಿ. "ಮಾಮಾ ದಾರಿ ತಪ್ತಾನಂತ ನಾ ಬಡಕೊಂಡೆ. ಈ ಹುಡುಗಿಗೆ ನೀ ಯಾರೋ? ಮಾಮಾ ಅಲ್ಲೇನು? ಕತಿಗೆ ಯಾವ ಮಾಮಾ ಆದ್ರೇನು!"

ಗುರುಪಾದ ಮುಂದೆ ನೋಡಿದ. ನೂರು ಟ್ರ್ಯಾಕ್ಟರ್. ಹಿಂದೆ ನೋಡಿದ. ಇನ್ನೂ ನೂರು.

"ಇರಲಿ ಬಿಡು," ಎಂದಳು ತಾಯಿ. "ಈಗ ಹೊತ್ತು ಮುಳುಗೇದ, ಕತಿ ಹೇಳಾಕ ಅಡ್ಡಿಯಿಲ್ಲ. ಆ ಅರಸ ಮುತ್ತವ್ವನ ಬಿಟ್ಟು ಒಬ್ಬನೇ ಹ್ಯಾಂಗ ಮನಿ ಮುಟ್ಟಿದ ಅನ್ನೂದು ಇನ್ನೂ ಉಳದದ. ಹೇಳ್ಲೇನು?"

ಬಾಯಿ ತುಂಬ ಪುಂಡಿಪಲ್ಯವಿತ್ತು. ನುಂಗಿದ.

"ಹ್ಞೂಂ," ಎಂದ.