ಮುಖ ತೆಗೆಯದ ಫೋಟೊಗ್ರಾಫರ್

ನನ್ನ ಮೈದುನನಂಥ ಫೋಟೊಗ್ರಾಫರ್ ಈ ಸೀಮೆಯಲ್ಲೇ ಇಲ್ಲ. ಒಂದೇ ಒಂದು ಸಣ್ಣ ಡಿಫೆಕ್ಟ್: ಮನುಷ್ಯರ ಮುಖ ತೆಗೆಯುವುದಿಲ್ಲ!

ಬೆನ್ನು, ಪಾದ, ಬೆರಳು, ಉದ್ದ ಚಾಚಿದ ನೆರಳು, ಇಷ್ಟೇ. ಅದೂ ಬ್ಲ್ಯಾಕ್ ಆ್ಯಂಡ್ ವೈಟ್, ಅದೂ ಫಿಲ್ಮ್ ರೋಲಿನಲ್ಲಿ, ಈ ಮೊಬೈಲ್ ಕಾಲದಲ್ಲಿ! "ಯಾಕಪ್ಪಾ ಹಿಂಗ?" ಅಂದರೆ, "ಕ್ಯಾಮೆರಾ ಕಂಡ ಕೂಡ್ಲೇ ಮಾರಿ ನಾಟಕ ಚಾಲೂ ಮಾಡ್ತದ ವೈನಿ. ಕಾಲಿಗೆ ನಾಟಕ ಬರಂಗಿಲ್ರಿ" ಎಂದು ಅತ್ತಿಗೆಯಾದ ನನಗೇ ಹೇಳುತ್ತಾನೆ. ವಾಟ್ ಎ ಫಿಲಾಸಫಿ!

ಅಫಜಲಪುರದ ಬೀಗರ ಮನೆ ಮದುವೆಗೆ ಇವನನ್ನು ಕರೆದು ಕೆಟ್ಟೆವು. ಆಲ್ಬಮ್ ತೆರೆದರೆ ಅಕ್ಷತೆ ಹಿಡಿದ ಮುಷ್ಟಿಗಳು, ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳು. ಮದುಮಗನ ತಾಯಿ ಕನ್ನಡಕ ಒರೆಸಿ ಒರೆಸಿ ನೋಡಿದರು. "ಅಲ್ರೀ ಅಕ್ಕಾರ, ನಮ್ಮ ಹುಡುಗನ ಲಗ್ನ ಆಗ್ಯದೋ, ಚಪ್ಪಲ್ ಕಳವಾಗ್ಯಾವೋ?"

ಆಳಂದದ ನಮ್ಮ ಮನೆಯ ಬಚ್ಚಲೇ ಇವನ ಡಾರ್ಕ್‌ರೂಮ್. ಒಳಗೆ ಕೆಂಪು ಬಲ್ಬು ಹತ್ತಿತೆಂದರೆ ಮನೆಮಂದಿಗೆಲ್ಲ ಸ್ನಾನ ಕ್ಯಾನ್ಸಲ್! ಬೈಯಲೆಂದೇ ಹೋದ ನಾನೂ ಎಷ್ಟೋ ಸಲ ಅಲ್ಲೇ ನಿಂತುಬಿಟ್ಟಿದ್ದೇನೆ. ಬಿಳಿ ಹಾಳೆಯ ಮೇಲೆ ಘತ್ತರಗಿಯ ಭೀಮಾ ಹೊಳೆ ಮಂಜಿನಂತೆ ಮೂಡುತ್ತ ಬರುವಾಗ ಬೈಗುಳ ಯಾರಿಗೆ ನೆನಪಿರುತ್ತದೆ, ಹೇಳಿ? ದಂಡೆಯ ಕಲ್ಲಿನ ಮೇಲೆ ಒದ್ದೆ ಹೆಜ್ಜೆಗಳು ಮಾತ್ರ. ಹೆಜ್ಜೆಯವರು ಯಾವುದೋ ಕನಸಿನೊಳಕ್ಕೆ ನಡೆದುಹೋಗಿದ್ದಾರೆ.

ಹೋದ ತಿಂಗಳು ಖಜೂರಿಯಿಂದ ಒಬ್ಬ ಹೆಣ್ಣುಮಗಳು ಬಂದಳು. ಲಾರಿ ಓಡಿಸುತ್ತಿದ್ದ ಗಂಡ ಎದೆನೋವೆಂದು ಕೂತವನು ಏಳಲೇ ಇಲ್ಲವಂತೆ. ಗೋಡೆಗೆ ಹಾಕಲು ಒಂದು ಫೋಟೊ ಇಲ್ಲ.

"ಲೈಸೆನ್ಸಿಂದು ದೊಡ್ಡದು ಮಾಡಿಸಿದ್ವಿರೀ ಅಣ್ಣಾ, ಯಾರೋ ಕಳ್ಳರು ಇದ್ದಂಗ ಕಾಣ್ತಾರ. ಜೇವರ್ಗಿ ಢಾಬಾದಾಗ ನೀವು ನಮ್ಮ ಮನಿಯವ್ರದು ತೆಗ್ದಿದ್ರಂತ. ಅವರ ಮಾರಿ ಒಂದು ಕೊಡ್ರಿ."

ಮಾರಿ! ಇವನ ಹತ್ತಿರ! ಮೈದುನ ನೆಗೆಟಿವ್‌ಗಳನ್ನು ಒಂದೊಂದಾಗಿ ಕಿಟಕಿಗೆ ಹಿಡಿದು ಹುಡುಕಿದ, ಬೆವೆತ, ಬಚ್ಚಲು ಸೇರಿದ. ಕೊನೆಗೆ ಒದ್ದೆ ಪ್ರಿಂಟ್ ಒಂದನ್ನು ತಂದು ಆಕೆಯ ಕೈಗಿಟ್ಟ.

ನಿಂತ ಲಾರಿಯ ಅಡಿಗೆ ಕಟ್ಟಿದ ಕಂಬಳಿಯ ಜೋಲಿ. ಅದರಲ್ಲಿ ಮಲಗಿದ ಮನುಷ್ಯ. ಮುಖದ ತುಂಬ ಟವೆಲ್. ಹೊರಗೆ ಇಳಿಬಿದ್ದ ಒಂದು ಪಾದ.

"ಮಾರಿ ಇಲ್ಲವ್ವಾ. ತಪ್ಪಾತು."

ನನಗೆ ತಡೆಯಲಾಗಲಿಲ್ಲ. "ಈಗರೆ ತಿಳೀತೇನಪ್ಪಾ ನಿನಗ? ಒಂದು ಸಲ, ಒಂದೇ ಸಲ ಆ ಟವೆಲ್ ಸರಿಸಿದ್ರ..." ಎಂದು ದನಿ ಏರಿಸಿದೆ.

ಆಕೆ ಆ ಪಾದವನ್ನೇ ನೋಡುತ್ತಿದ್ದಳು.

"ಮನಿಗೆ ಬಂದ್ರ ಕಣ್ಣು ಮುಚ್ಚತಿದ್ದಿಲ್ರಿ ಅವ್ರು. ಗಾಡಿ ಗಾಡಿ ಅಂತ ಎದ್ದು ಕುಂಡ್ರತಿದ್ರು."

ಫೋಟೊವನ್ನು ಮಡಿಲಲ್ಲಿಟ್ಟುಕೊಂಡು, ನನ್ನ ಕಡೆ ತಿರುಗಿ, ತುಟಿಯ ಮೇಲೆ ಬೆರಳಿಟ್ಟಳು.

"ಮೆಲ್ಲಕ ಮಾತಾಡ್ರಿ ಅಕ್ಕಾ. ಮಲಗ್ಯಾರ."