ಒಂಬತ್ತು ಕೆಂಪಯ್ಯಂದಿರು ಮತ್ತು ನನ್ನ ತಮ್ಮನ ಕಂಪ್ಯೂಟರು

ನನ್ನ ತಮ್ಮನಿಗೆ ಹುಚ್ಚು ಹಿಡಿದಿದೆ ಎಂದು ನಾನು ಯಾವತ್ತೂ ಹೇಳಿಲ್ಲ. ಹುಚ್ಚಿಗಾದರೆ ಡಾಕ್ಟರುಗಳಿದ್ದಾರೆ. ಇವನಿಗೆ ಹಿಡಿದದ್ದು ಡೇಟಾಬೇಸ್.

ಬಿಡದಿಯ ಕಡೆ ಕಾರ್ಖಾನೆಗಳು ಒಂದರ ಪಕ್ಕ ಒಂದು ಏಳುತ್ತಿದ್ದ ಕಾಲ ಅದು. ಅಲ್ಲೊಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ಇವನು ಸ್ಟೋರ್ ಕೀಪರ್. ನಟ್ಟು ಬೋಲ್ಟುಗಳ ಪಟ್ಟಿಯೆಲ್ಲ ಇನ್ನು ಮೇಲೆ ಕಂಪ್ಯೂಟರಿನಲ್ಲಿ ಇರಬೇಕು ಎಂದು ನಾಲ್ಕು ದಿನ ಟ್ರೈನಿಂಗ್ ಕೊಟ್ಟರು. ಬೇರೆಯವರೆಲ್ಲ ಕೊಟ್ಟ ಬಿಸ್ಕತ್ತು ತಿಂದು ಮನೆಗೆ ಹೋದರು. ಇವನು ದೀಕ್ಷೆ ತೆಗೆದುಕೊಂಡವನ ಹಾಗೆ ಬಂದ. ತಿಂಗಳೊಳಗೆ ರಾಮನಗರದ ನಮ್ಮ ಮನೆಯ ನಡುಕೋಣೆಗೆ ಒಂದು ಸೆಕೆಂಡ್‌ಹ್ಯಾಂಡ್ ಕಂಪ್ಯೂಟರು ಬಂತು. ಅದಕ್ಕೆ ಹೊದಿಸಲು ಹೆಂಡತಿಯ ರೇಷ್ಮೆ ಸೀರೆಯನ್ನೇ ಕೇಳಿದ ಮಹಾನುಭಾವ. ಅವಳು ಹಳೇ ಪಂಚೆ ಕೊಟ್ಟಳು.

ಡೆಸ್ಕ್‌ಟಾಪ್ ಡೇಟಾಬೇಸ್ ಮಾಡುವವರಿಗೆಂದೇ ಯಾವುದೋ ದೇಶದಿಂದ ವಾರಕ್ಕೊಮ್ಮೆ ಇಮೇಲಿನಲ್ಲಿ ಒಂದು ಪತ್ರಿಕೆ ಬರುತ್ತಿತ್ತು. ಹೊಸ ಸುದ್ದಿ, ಪಾಠ, ಟಿಪ್ಸು. ಬಸ್ ಸ್ಟ್ಯಾಂಡ್ ಹತ್ತಿರದ ಸೈಬರ್ ಸೆಂಟರಿನಲ್ಲಿ ಪ್ರಿಂಟ್ ಹಾಕಿಸಿ, ದಬ್ಬಣದಲ್ಲಿ ಹೊಲಿದು, ಪುಸ್ತಕ ಮಾಡಿ ಇಡುತ್ತಿದ್ದ. ಜಗತ್ತಿನಲ್ಲಿ ಬೇರೆ ಏನಾದರೂ ನಡೆಯುತ್ತಿದೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ. ಬೆಳಗ್ಗೆ ಕಾಫಿ ಲೋಟ ಹಿಡಿದು, ಯಾರೋ ತೀರಿಕೊಂಡ ಮುಖ ಮಾಡಿಕೊಂಡು, "ಅಕ್ಕ, ಹೊಸಾ ವರ್ಷನ್‌ನಲ್ಲಿ ರಿಪೋರ್ಟ್ ಮಾಡೋ ರೀತಿನೇ ಬದ್ಲಾಯಿಸ್ಬುಟ್ಟವ್ರೆ" ಎನ್ನುತ್ತಿದ್ದ. ನಾನು "ಅಯ್ಯೋ ಪಾಪ" ಎನ್ನುತ್ತಿದ್ದೆ. ಇನ್ನೇನು ಹೇಳಲಿ?

ಇವನ ಇಂಗ್ಲಿಷು ವಾಕ್ಯದ ಅರ್ಧಕ್ಕೆ ಬಂದು ಕುಂಟುತ್ತಿತ್ತು. ನನ್ನದು ಕಾನ್ವೆಂಟ್ ಇಂಗ್ಲಿಷು. ಬೆಳದಿಂಗಳ ಮೇಲೆ ಎಸ್ಸೇ ಬರೆದು ಸಿಸ್ಟರುಗಳಿಂದ 'ಎಕ್ಸಲೆಂಟ್' ಎನ್ನಿಸಿಕೊಂಡದ್ದು. ಯಜಮಾನರು ಹೋದ ಮೇಲೆ ತಮ್ಮನ ಮನೆ ಸೇರಿದೆನಲ್ಲ, ಅಷ್ಟು ಪ್ರೀತಿಯಿಂದ ಕಲಿತ ಆ ಭಾಷೆ ಕೊನೆಗೆ 'ಪ್ರೈಮರಿ ಕೀ' ಎಂದರೇನು ಎಂದು ಬಿಡಿಸಿ ಹೇಳುವುದಕ್ಕೆ ಉಪಯೋಗವಾಯಿತು.

ಅಡುಗೆಮನೆಗೂ ಒಂದು ಡೇಟಾಬೇಸ್ ಮಾಡಿದ. ಡಬ್ಬದಿಂದ ಏನು ತೆಗೆದರೂ ಅದರಲ್ಲಿ ಹಾಕಬೇಕು. ಅವನ ಹೆಂಡತಿ ಎರಡು ದಿನ ಹಾಕಿದಳು. ಮೂರನೆಯ ದಿನ,

"ಸಾರಿನ ಪುಡಿ ಮುಗ್ದೋಗದೆ."

"ಅದೆಂಗೇ? ಸಿಸ್ಟಂನಲ್ಲಿ ಇನ್ನೂ ಅರ್ಧ ಕೆಜಿ ತೋರಿಸ್ತಾ ಐತೆ."

"ಅಂಗಾದ್ರೆ ಅದ್ರೊಳಗಿಂದ್ಲೇ ಒಸಿ ತಗ್ದು ಕೊಡಿ, ಸಾರು ಕುದೀತಾ ಐತೆ."

ಅವತ್ತು ಮುದ್ದೆಗೆ ಬರೀ ಮಜ್ಜಿಗೆ.

ಹೀಗಿರುವಾಗ ಅವನ ಮಗಳ ಮದುವೆ ಗೊತ್ತಾಯಿತು. ಇಲ್ಲಿ ಒಂದು ಹಳೆಯ ಸಂಗತಿ ಹೇಳಬೇಕು. ನಲವತ್ತು ವರ್ಷದ ಹಿಂದೆ ನನ್ನ ಮದುವೆಯಲ್ಲಿ ನಮ್ಮಪ್ಪ ಊರೂರಿಗೂ ಹೋಗಿ ಕರೆದು ಬಂದು, ಬಿಡದಿ ಹತ್ತಿರದ ಬೈರಮಂಗಲದಲ್ಲಿದ್ದ ತಮ್ಮ ಸ್ವಂತ ತಮ್ಮನ ಮನೆಯನ್ನೇ ಮರೆತುಬಿಟ್ಟರು. ಬೇಕೆಂದು ಅಲ್ಲ, ಮನೆಯವರು ಯಾರೋ ಕರೆದಿದ್ದಾರೆಂದು ಅಪ್ಪ, ಅಪ್ಪನೇ ಕರೆದಿದ್ದಾರೆಂದು ಮನೆಯವರು. ಚಿಕ್ಕಪ್ಪ ಆಮೇಲೆ ನಮ್ಮ ಹೊಸಿಲು ತುಳಿಯಲಿಲ್ಲ. ಚಿಕ್ಕಪ್ಪನೂ ಹೋದರು, ಅಪ್ಪನೂ ಹೋದರು. ಚಿಕ್ಕಪ್ಪನ ಮಗ ಕೆಂಪಯ್ಯ ಮಾತ್ರ ಆ ಮುನಿಸನ್ನು ಜಮೀನಿನ ಜೊತೆ ಪಾಲಿಗೆ ಬಂದ ಆಸ್ತಿಯಂತೆ ಕಾಪಾಡಿಕೊಂಡು ಬಂದಿದ್ದ.

"ಈ ಮದ್ವೆಗೆ ಅವ್ನೊಬ್ಬ ಬಂದ್ರೆ ಸಾಕು ಕಣಕ್ಕ," ಎಂದ ನನ್ನ ತಮ್ಮ. "ಅಪ್ಪ ತಲೆಯೊಳ್ಗೆ ಪಟ್ಟಿ ಇಟ್ಕಂಡಿದ್ರು, ಅದ್ಕೇ ಹಂಗಾಯ್ತು. ನಾನು ಸಿಸ್ಟಂಗೆ ಹಾಕ್ತೀನಿ. ಒಂದು ಮನೆನೂ ತಪ್ಪಲ್ಲ."

ಹಾಕಿದ. ಒಂದು ಸಂಗತಿಯನ್ನು ಎರಡು ಕಡೆ ಬರೆಯಬಾರದು ಎಂದು ಪತ್ರಿಕೆಯಲ್ಲಿ ಹೇಳಿತ್ತಂತೆ. ಹಾಗಾಗಿ ಹೆಸರುಗಳು ಒಂದು ಪಟ್ಟಿಯಲ್ಲಿ, ಊರುಗಳು ಇನ್ನೊಂದರಲ್ಲಿ. ಅದೇ ವಾರ ಬಂದ ಪಾಠ, ಎರಡೆರಡು ಸಲ ಸೇರಿಹೋದದ್ದನ್ನು ಹುಡುಕಿ ತೆಗೆಯುವುದು ಹೇಗೆ ಎಂಬುದು. ಊಟ ಮುಗಿಸಿ ಮಂಚದ ಮೇಲೆ ಕಾಲು ಚಾಚಿದ್ದ ನನ್ನಿಂದ ಓದಿಸಿಕೊಂಡ. ನಾನು ಹೇಳಿಕೊಟ್ಟೆ, ಅವನು ಒಂದು ಗುಂಡಿ ಒತ್ತಿದ. ಪಟ್ಟಿ ಕ್ಲೀನ್ ಆಯಿತು ಎಂದು ಕುಣಿದಾಡಿದ.

ನಮ್ಮ ವಂಶದಲ್ಲಿ ಹೆಚ್ಚುಕಡಿಮೆ ಪ್ರತಿ ಮನೆಯಲ್ಲೂ ಒಬ್ಬನಿಗೆ ಮುತ್ತಾತನ ಹೆಸರು ಇಡುವುದು ಪದ್ಧತಿ. ಮುತ್ತಾತ ಕೆಂಪಯ್ಯ. ಮರಳವಾಡಿಯಲ್ಲೊಬ್ಬ ಕೆಂಪಯ್ಯ, ಮಾಗಡಿಯಲ್ಲೊಬ್ಬ, ಚನ್ನಪಟ್ಟಣದಲ್ಲಿ ಎರಡು ಬೀದಿಗೆ ಇಬ್ಬರು, ಹೀಗೆ ಒಂಬತ್ತು ಮಂದಿ. ನಮಗೆ ಊರಿನಿಂದ ಗುರುತು. ಮಷೀನಿಗೆ? ಅದು ಹೆಸರಿನ ಪಟ್ಟಿಯನ್ನು ನೋಡಿತು, ಮರಳವಾಡಿಯವನನ್ನು ಇಟ್ಟುಕೊಂಡಿತು, ಮಿಕ್ಕ ಎಂಟು ಕೆಂಪಯ್ಯಂದಿರನ್ನು ಬಾಚಿ ಆಚೆಗೆ ಹಾಕಿತು.

ನಮಗೆ ಗೊತ್ತೇ ಆಗಲಿಲ್ಲ. ಬೈರಮಂಗಲಕ್ಕೆ ತಾನೇ ಹೋಗಲು ಧೈರ್ಯ ಸಾಲದೆ ನನ್ನ ತಮ್ಮ ಬಿಡದಿ ಕಡೆಯ ಪಟ್ಟಿಯನ್ನು ಪ್ರಿಂಟ್ ಹಾಕಿಸಿ ಭಾವಮೈದುನನ ಕೈಗೆ ಕೊಟ್ಟಿದ್ದ. ಮದುವೆಗೆ ಮೂರು ದಿನ ಇರುವಾಗ ನಾನು, "ಬೈರಮಂಗಲದವನು ಏನಂದನಂತೋ?" ಎಂದು ಕೇಳಿದೆ. ಫೋನ್ ಮಾಡಿದ. ಆ ಕಡೆಯಿಂದ ಭಾವಮೈದುನ, "ಬೈರಮಂಗ್ಲವಾ? ಪಟ್ಟಿಲಿ ಆ ಊರೇ ಇರ್ನಿಲ್ವಲ್ಲ ಭಾವ" ಎಂದದ್ದು ನನಗೂ ಕೇಳಿಸಿತು.

ಇವನು ಕಂಪ್ಯೂಟರಿನಲ್ಲಿ ಕೆಂಪಯ್ಯ ಎಂದು ಹುಡುಕಿದ. ಒಬ್ಬನೇ ಬಂದ. ನಾನು ಆ ವಾರದ ಹಾಳೆ ತೆಗೆದು ನೋಡಿದೆ. ಕೊನೆಯಲ್ಲಿ ಎರಡು ಸಾಲಿತ್ತು: ಅಳಿಸುವ ಮುಂಚೆ ಒಂದು ಕಾಪಿ ಇಟ್ಟುಕೊಳ್ಳಿ, ಒಂದೇ ಹೆಸರಿನ ಇಬ್ಬರು ಇರಬಹುದು. ಅವತ್ತು ನಿದ್ದೆ ಎಳೆಯುತ್ತಿತ್ತೆಂದು ಆ ಎರಡು ಸಾಲು ಓದದೆ "ಅಷ್ಟೇ ಕಣೋ" ಎಂದುಬಿಟ್ಟಿದ್ದೆ. ಹೇಳಿದೆ. ಅವನು ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ವಾಸಿಯಿತ್ತು.

ಮಿಕ್ಕ ಏಳು ಮನೆಗೆ ಭಾವಮೈದುನನನ್ನು ಓಡಿಸಿ, ಗಂಡ ಹೆಂಡತಿ ಅರಿಶಿನ ಕುಂಕುಮದ ತಟ್ಟೆ ಹಿಡಿದು ಬೈರಮಂಗಲಕ್ಕೆ ಹೊರಟರು. ನಾನೂ ಆಟೋ ಹತ್ತಿದೆ. ದಾರಿಯುದ್ದಕ್ಕೂ ತಮ್ಮ ಏನೇನು ಸುಳ್ಳು ಹೇಳಬಹುದೆಂದು ಅಭ್ಯಾಸ ಮಾಡಿದ. ಪೋಸ್ಟ್ ಲೇಟು, ಜ್ವರ ಬಂದಿತ್ತು, ಲಗ್ನಪತ್ರಿಕೆ ಅಚ್ಚಾಗಿರಲಿಲ್ಲ.

ಕೆಂಪಯ್ಯ ಜಗಲಿಯ ಮೇಲೆ ಕೂತಿದ್ದ. ಏಳಲಿಲ್ಲ. "ಮೂರು ದಿನ ಐತೆ ಅನ್ವಾಗ ನೆಪ್ಪಾಯ್ತೇನ್ಲಾ? ನಿಮ್ಮಪ್ಪಂಗಿಂತ ವಾಸಿ ಬುಡು."

ಅಭ್ಯಾಸ ಮಾಡಿದ ಸುಳ್ಳುಗಳೆಲ್ಲ ಎಲ್ಲಿ ಹೋದವೋ, ನನ್ನ ತಮ್ಮ ನಿಜವನ್ನೇ ಹೇಳಿದ. ಅದೂ ಹೇಗೆ? ಟೇಬಲ್ ಅಂದರೇನು ಎಂಬಲ್ಲಿಂದ ಶುರುಮಾಡಿ. ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದ, ಒಂಬತ್ತು ಸಲ ಕೆಂಪಯ್ಯ ಎಂದು ಬರೆದ, ಎಂಟನ್ನು ಅಂಗೈಯಲ್ಲಿ ಒರೆಸಿ ತೋರಿಸಿದ. ನಾನು ಹಣೆ ಚಚ್ಚಿಕೊಳ್ಳುವುದೊಂದು ಬಾಕಿ.

ಕೆಂಪಯ್ಯ ಆ ಸುಣ್ಣದ ಕಲೆಯನ್ನೇ ನೋಡುತ್ತಿದ್ದ.

"ಅಂದ್ರೆ, ಮಾಗಡಿಯವ್ನೂ ಹೋದ್ನಾ?"

"ಹೂಂ."

"ಚನ್ನಪಟ್ಣದ ಆ ದುರಹಂಕಾರಿನೂ?"

"ಅವ್ನೂ ಹೋದ."

"ಅಂಗಾದ್ರೆ ನನ್ನೊಬ್ನೇ ಬುಟ್ಟಿಲ್ಲ ನೀನು."

"ಇಲ್ಲ ಕಣ್ಲಾ. ಎಂಟು ಜನಾನೂ ಬುಟ್ಟೆ."

ಅವನು ನಕ್ಕ. ನಗುತ್ತ ನಗುತ್ತ ಟವೆಲಿನಿಂದ ಕಣ್ಣೊರೆಸಿಕೊಂಡ. ತಮ್ಮನ ಹೆಂಡತಿ ಒಳಗೆ ಹೋಗಿ ಮನೆಯಾಕೆಗೆ ಕುಂಕುಮ ಇಟ್ಟು ಬಂದಳು. ತಮ್ಮ ಲಗ್ನಪತ್ರಿಕೆ ತೆಗೆದು ನೀಡಿದ. ಇಂಥ ಹೊತ್ತಿನಲ್ಲಿ ಯಜಮಾನರಿಲ್ಲದ ನನ್ನಂಥವಳು ಮುಂದೆ ನಿಲ್ಲಬಾರದೆಂದು ನಾನು ಆಟೋ ಪಕ್ಕದಲ್ಲೇ ಇದ್ದೆ. ಕೆಂಪಯ್ಯ ಪತ್ರಿಕೆಗೆ ಕೈ ಚಾಚಲಿಲ್ಲ.

"ಅಕ್ಕನ ಕೈಲಿ ಕೊಡ್ಸು," ಎಂದ. ತಮ್ಮನಿಗೆ ಹೇಳಿದ, ನೋಡಿದ್ದು ನನ್ನನ್ನು. "ಹತ್ತು ವರ್ಸದ ಹುಡ್ಗ ನಾನು. ಅಪ್ಪ ಹೊಸಾ ಅಂಗಿ ಹೊಲಿಸಿತ್ತು ನಿನ್ ಮದ್ವೆಗೆ ಅಂತ. ಅದ್ನ ಹಾಕ್ಕಂಡು ಇದೇ ಜಗ್ಲಿ ಮೇಲೆ ಬೆಳಗ್ಗಿಂದ ಕೂತಿದ್ದೆ ಕಣಕ್ಕ, ಯಾರಾದ್ರೂ ಬತ್ತಾರೆ ಅಂತ."

ನಾನು ತಮ್ಮನ ಕೈಯಿಂದ ಪತ್ರಿಕೆ ತೆಗೆದುಕೊಂಡು ಜಗಲಿಯ ಹತ್ತಿರ ಹೋದೆ. ನೆರೆತ ಮೀಸೆಯ ಆ ಗಂಡಸು ಎದ್ದು ನಿಂತು, ಅಂಗಿಯ ಗುಂಡಿ ಹಾಕಿಕೊಂಡು, ಎರಡೂ ಕೈ ಒಡ್ಡಿದ.

"ಬರಬೇಕಪ್ಪ," ಎಂದೆ, "ನೀನು ಮೊದಲು ಬರಬೇಕು."