ಅತ್ತೆಯ ಬ್ಲೌಸ್ ಪೀಸು ಅರ್ಥಶಾಸ್ತ್ರ

ಭಾರತದ ಜವಳಿ ಉದ್ಯಮ ಇನ್ನೂ ಉಸಿರಾಡುತ್ತಿದೆಯೆಂದರೆ ಅದಕ್ಕೆ ಸರಕಾರ ಕಾರಣವಲ್ಲ, ಗಿರಣಿ ಮಾಲೀಕರಂತೂ ಅಲ್ಲವೇ ಅಲ್ಲ. ಮುಂಬಯಿಯ ಸಯನ್‌ನ ಹಳೆಯ ಬಿಲ್ಡಿಂಗೊಂದರ ಮೂರನೇ ಮಹಡಿಯಲ್ಲಿರುವ ನಮ್ಮ ಸೋದರತ್ತೆ ಕಾರಣ! ನಂಬಿಕೆಯಿಲ್ಲವೇ? ಅವಳನ್ನೇ ಕೇಳಿ. ಕೇಳದಿದ್ದರೂ ಹೇಳುತ್ತಾಳೆ. ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸಿ ನಿವೃತ್ತಳಾದವಳು. ಗಂಟೆ ಹೊಡೆದು ವರ್ಷಗಳಾದರೂ ಪಾಠ ನಿಂತಿಲ್ಲ.

ಬೈಕುಲ್ಲಾದ ಬಟ್ಟೆ ಗಿರಣಿಗಳು ಮುಚ್ಚಿದ್ದಕ್ಕೆ ಪಂಡಿತರು ಏನೇನೋ ಕಾರಣ ಕೊಡುತ್ತಾರೆ, ಪಾಪ. ಅತ್ತೆಯ ಪ್ರಕಾರ ಅಪರಾಧಿ ಒಂದೇ: ಅರಿಶಿನ ಕುಂಕುಮದ ಜೊತೆ ಕೊಡುವ ಬ್ಲೌಸ್ ಪೀಸು. ಅದನ್ನು ಯಾರೂ ಹೊಲಿಸುವುದಿಲ್ಲವೆಂಬುದು ನಿಮಗೂ ಗೊತ್ತು, ನನಗೂ ಗೊತ್ತು. ಮಾಟುಂಗಾದಲ್ಲಿ ಸಿಕ್ಕಿದ್ದು ನಮ್ಮ ಬೀರುವಿನಲ್ಲಿ ನಾಲ್ಕು ದಿನ ವಿಶ್ರಮಿಸಿ ಮುಲುಂಡಿಗೆ ಹೋಗುತ್ತದೆ. ಅಲ್ಲಿಂದ ಊರೆಲ್ಲ ಸುತ್ತಿ, ಪುಣ್ಯವಿದ್ದರೆ ಕೊಟ್ಟವರ ಮನೆಗೇ ಮರಳುತ್ತದೆ. ನೋಟಾದರೂ ಒಂದು ದಿನ ಹರಿಯುತ್ತದೆ, ಇದಕ್ಕೆ ಸಾವೇ ಇಲ್ಲ!

“ಹೊಲಿಸ್ದೆ ಸುತ್ತಿಸ್ತಾ ಕೂತ್ರೆ ನೇಯೋನು ಏನ್ ತಿನ್ಬೇಕೇ? ಬಣ್ಣ ಹಾಕೋನು? ದರ್ಜಿ? ಬಡದೇಶ ಮೊದ್ಲು ಎದ್ದು ನಿಲ್ಲೋದೇ ಬಟ್ಟೆಯಿಂದ. ಅಷ್ಟೂ ಜನರ ಹೊಟ್ಟೆ ಮೇಲೆ ನಿನ್ನ ಬೀರು ಕೂತಿದೆ!” ಎಂದು ನನಗೆ ಬೈಗುಳ.

ನುಡಿದಂತೆ ನಡೆಯುವವಳಲ್ಲವೇ? ಬಂದ ಪೀಸನ್ನೆಲ್ಲ ಹೊಲಿಸಿದಳು, ತೊಟ್ಟಳು. ಗಿಳಿಹಸಿರು ರವಿಕೆ, ಅರಿಶಿನ ಹಳದಿ ಸೀರೆ. ಸ್ಟೇಷನ್ನಿನ ಸಿಗ್ನಲ್ ಕೆಟ್ಟ ದಿನ ಅತ್ತೆಯನ್ನು ಪ್ಲಾಟ್‌ಫಾರ್ಮಿನ ತುದಿಗೆ ನಿಲ್ಲಿಸಿದ್ದರೆ ಲೋಕಲ್‌ಗಳು ಸುಸೂತ್ರವಾಗಿ ಓಡುತ್ತಿದ್ದವು. ಮಾವ ಮೆಲ್ಲಗೆ ಗೊಣಗುತ್ತಿದ್ದರು: “ದೇಶದ ಜಿಡಿಪಿ ಎಲ್ಲಾ ನಮ್ಮ ಬೀರುನಲ್ಲೇ ಇದೆ ಕಣಮ್ಮ. ನನ್ನ ಬನಿಯನ್ನಿಗೆ ಜಾಗ ಇಲ್ಲ.”

ಆಮೇಲೆ ಶುರುವಾಯಿತು ನೋಡಿ, ಸುಧಾರಣೆಯ ಎರಡನೇ ಹಂತ. ತಾನು ಕೊಡುವ ಪೀಸುಗಳಿಗೆ ಮುಂಚೆಯೇ ಕುತ್ತಿಗೆ ಕತ್ತರಿಸಿ ಕೊಡತೊಡಗಿದಳು! ಇನ್ನು ಯಾರಿಗೆ ದಾಟಿಸುತ್ತೀರಿ, ದಾಟಿಸಿ! ಎದುರು ಮನೆಯ ಬಾಗಲಕೋಟೆಯ ಹೆಂಗಸು ಮಡಿಕೆ ಬಿಚ್ಚಿ ಹೌಹಾರಿದರು.

“ಅಯ್ಯ, ಇದಕ್ಕ ಇಲಿ ಕಡದೈತಲ್ರೀ ಬಾಯಾರ!”

“ಇಲಿ ಅಲ್ಲಾರೀ, ಅರ್ಥಶಾಸ್ತ್ರ!” ಎಂದಳು ಅತ್ತೆ. ಎರಡಕ್ಕೂ ಏನು ವ್ಯತ್ಯಾಸವೋ ಅವರಿಗೆ ತಿಳಿಯಲಿಲ್ಲ; ನನಗೂ ಇನ್ನೂ ತಿಳಿದಿಲ್ಲ.

ಕಳೆದ ವರ್ಷ ಮಾವ ತೀರಿಕೊಂಡರು.

ಈ ಸಲ ನವರಾತ್ರಿಯಲ್ಲಿ ವಿಲೆ ಪಾರ್ಲೆಯ ನೆಂಟರ ಮನೆಗೆ ಅತ್ತೆಯನ್ನು ಬಲವಂತ ಮಾಡಿ ಕರೆದೊಯ್ದೆ. ಮನೆಯೊಡತಿ ತಟ್ಟೆ ಹಿಡಿದು ಒಬ್ಬೊಬ್ಬರಿಗೇ ಕುಂಕುಮ, ಬ್ಲೌಸ್ ಪೀಸು ಕೊಡುತ್ತ ಬಂದಳು. ಅತ್ತೆಯ ಎದುರು ತಟ್ಟೆ ಅರೆಗಳಿಗೆ ತಡೆದು, ನನ್ನ ಕಡೆ ತಿರುಗಿತು. ಗಂಡನಿಲ್ಲದವಳಿಗೆ ಕೊಡುವ ಪದ್ಧತಿಯಿಲ್ಲವಲ್ಲ! ಈಗ ಭಾಷಣ ಶುರು ಎಂದು ಕಾದೆ. ಅತ್ತೆ ತಲೆ ತಗ್ಗಿಸಿ ಕೋಸಂಬರಿ ತಿನ್ನುತ್ತಿದ್ದಳು.

ವಾಪಸು ಬರುವಾಗ ಲೋಕಲ್‌ನಲ್ಲಿ ಕಿಟಕಿಯತ್ತ ಮುಖ ಮಾಡಿ ಕೇಳಿದಳು: “ನನಗೆ ಗಂಡ ಇದ್ರೇನು ಬಿಟ್ರೇನು, ನೇಯೋನ ಮಗ್ಗಕ್ಕೆ ಗೊತ್ತಾಗತ್ತೇನೇ?” ಆಮೇಲೆ ತುಂಬ ಸಣ್ಣ ದನಿಯಲ್ಲಿ, “ನಿಮ್ಮಾವ ಹೋದ್ಮೇಲೆ ಒಬ್ರೂ ಕೊಟ್ಟಿಲ್ಲ ಕಣೆ” ಎಂದಳು. ನನಗೆ ಸಂಕಟವಾಯಿತು, ಸಿಟ್ಟೂ ಬಂತು.

ದಾದರಿನಲ್ಲಿ ಗಾಡಿ ಬದಲಿಸಬೇಕಿತ್ತು. ನಾನು ಅವಳ ಕೈ ಹಿಡಿದು ಸ್ಟೇಷನ್ನಿನ ಹೊರಗಿನ ಬಟ್ಟೆಯಂಗಡಿಗೆ ಎಳೆದೊಯ್ದೆ. “ಕೋಣಾಸಾಠಿ, ಆಜಿ?” ಯಾರಿಗೆ ಬೇಕಜ್ಜಿ ಎಂದು ಮರಾಠಿಯಲ್ಲಿ ವಿಚಾರಿಸಿದ ಅಂಗಡಿಯವನು. ಅತ್ತೆ ಬಟ್ಟೆಗಳನ್ನು ಮುಟ್ಟಿ ಮುಟ್ಟಿ ನೋಡಿದಳು. ಜನ್ಮವಿಡೀ ಬೇರೆಯವರು ಆರಿಸಿದ ಬಣ್ಣ ತೊಟ್ಟವಳಿಗೆ ತನ್ನ ಬಣ್ಣ ಯಾವುದೆಂದೇ ಗೊತ್ತಿರಲಿಲ್ಲ. ಕೊನೆಗೆ ಒಂದು ಕಡುಗೆಂಪಿನ ಮೇಲೆ ಕೈಯಿಟ್ಟು ನನ್ನ ಮುಖ ನೋಡಿದಳು.

ಮಡಿಚಿ ಕೊಟ್ಟಿದ್ದನ್ನು ಎರಡೂ ಕೈಯಲ್ಲಿ ಹಿಡಿದು, “ತಗೋ ಅತ್ತೆ” ಎಂದೆ. ಅಷ್ಟು ಜನರ ನೂಕುನುಗ್ಗಲಿನ ನಡುವೆ ಆ ಮಾತಿನ ಮಲ್ಲಿ ಸೆರಗೊಡ್ಡಿ ನಿಂತಳು.